ಅಳುವಕ್ಕನ ಗುನುಗು

ನಾಯಕಿಯರು ಅಳಲೆಂದು ತೆರೆದ ಬಾಯಿಗೆ ದನಿ ತುಂಬುವುದು ಅವಳ ಕಸುಬು. ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು 'ಅಳುವಕ್ಕ'. ಮುಖ ಯಾರದೋ, ಕಣ್ಣೀರು ಗ್ಲಿಸರಿನ್ನಿನದು, ಅಳು ಮಾತ್ರ ಇವಳದು. ಪರದೆಯ ಮೇಲೆ ಇವಳ ಹೆಸರು ಬರುವಷ್ಟರಲ್ಲಿ ಜನ ಗಾಡಿ ತೆಗೆಯಲು ಓಡಿರುತ್ತಾರೆ.

ಈ ಸಲದ ಚಿತ್ರ ಥ್ರಿಲ್ಲರ್. ಮರ್ಯಾದಸ್ಥರ ಮನೆ, ಮಹಡಿಯಲ್ಲಿ ಬೀಗ ಹಾಕಿದ ಕೋಣೆ, ಒಳಗೆ ಮನೆಯವರೇ ಬಚ್ಚಿಟ್ಟ ಹೆಂಗಸು. ಅಳುವಕ್ಕ ಹೇಳಿದಂತೆ ಕಿರುಚಿ ಕೊಟ್ಟಳು. ಆಮೇಲೆ, "ಸರ್, ಇನ್ನೊಂದ್ ಥರ ಮಾಡ್ಲಾ?" ಎಂದು ಕೇಳಿ, ಮೈಕಿಗೆ ತುಟಿ ತಾಗುವಷ್ಟು ಬಾಗಿ, ಮಗುವನ್ನು ಮಲಗಿಸುವವರ ಹಾಗೆ ಮೆಲ್ಲಗೆ ಗುನುಗಿದಳು.

ನಿರ್ದೇಶಕ ತೋಳು ಉಜ್ಜಿಕೊಂಡ. "ಅಬ್ಬಾ! ಇದನ್ನ ಎಲ್ಲಿಂದ ಕದ್ರಿ ಅಕ್ಕಾ?"

"ನಮ್ಮನೆಯಿಂದಾನೇ."

ಅವನು ನಕ್ಕ. ಅವಳು ನಗಲಿಲ್ಲ. ಅವಳು ಚಿಕ್ಕವಳಿದ್ದಾಗ ಚಿಕ್ಕಮ್ಮನನ್ನು, ಅಂದರೆ ಅಮ್ಮನ ಒಡಹುಟ್ಟಿದ ತಂಗಿಯನ್ನು, ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ತಲೆ ಸರಿಯಿಲ್ಲವಂತೆ. ಬಾಗಿಲಾಚೆ ಹೆದರಿ ನಿಂತ ಹುಡುಗಿಗೆ ಒಳಗಿದ್ದ ಚಿಕ್ಕಮ್ಮನೇ ಸಂದಿಯಿಂದ ಗುನುಗಿ ಸಮಾಧಾನ ಮಾಡುತ್ತಿದ್ದಳು. ಆ ದನಿ ಕೇಳಿದೊಡನೆ ಅಮ್ಮ ರಿಮೋಟ್ ಒತ್ತಿ ಟಿವಿಯ ಸದ್ದು ಏರಿಸುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಕೋಣೆ ಖಾಲಿ. ಎಲ್ಲಿ ಹೋದಳು? ಇಷ್ಟು ವರ್ಷ ಕೇಳಿದರೂ ಸಿಕ್ಕಿದ್ದು ಒಂದೇ ಉತ್ತರ: "ನಿಂಗ್ಯಾಕೆ ಅಧಿಕಪ್ರಸಂಗ?"

ಅದಕ್ಕೇ ಚಿತ್ರ ಬಿಡುಗಡೆಯಾದಾಗ ಅಮ್ಮನನ್ನು ಹೊರಡಿಸಿದಳು.

"ನಂಗ್ಯಾಕೇ ಈ ದೆವ್ವದ ಸಿನಿಮಾ?"

"ದೆವ್ವ ಇಲ್ಲಮ್ಮ. ಬರೀ ಮನೆಯವರು."

ಕೋಣೆಯ ದೃಶ್ಯ ಬಂತು. ಗುನುಗು ಕತ್ತಲೆಯನ್ನೆಲ್ಲ ತುಂಬಿತು. ಸುತ್ತಲಿನವರು ಪಾಪ್‌ಕಾರ್ನ್ ಮರೆತು ಮುದುಡಿಕೊಂಡರು. ನಡುಗುವುದಕ್ಕೆಂದೇ ಟಿಕೆಟ್ ಕೊಳ್ಳುವ ಜನ ನಾವು. ಪಕ್ಕದ ಮನೆಯಿಂದ ಇದೇ ದನಿ ಬಂದರೆ ಕಿಟಕಿ ಹಾಕಿಕೊಳ್ಳುವವರೂ ನಾವೇ, ಬೆಳಗ್ಗೆ ಅದೇ ಮನೆಯವರಿಗೆ ನಮಸ್ಕಾರ ಹೊಡೆಯುವವರೂ ನಾವೇ.

ಅಳುವಕ್ಕ ಪರದೆ ನೋಡಲಿಲ್ಲ, ಅಮ್ಮನನ್ನು ನೋಡುತ್ತಿದ್ದಳು. ಅಮ್ಮನ ಕೈ ಮಡಿಲಲ್ಲಿ, ಸೀಟಿನ ಸಂದಿಯಲ್ಲಿ ಏನನ್ನೋ ತಡಕುತ್ತಿತ್ತು. ರಿಮೋಟ್. ಅದು ಅಲ್ಲೆಲ್ಲಿ ಸಿಗಬೇಕು? ಗುನುಗು ನಿಲ್ಲಲಿಲ್ಲ.

ಮಧ್ಯಂತರದ ದೀಪ ಹತ್ತಿತು.

"ಇದಾಳೆ ಕಣೇ," ಎಂದಳು ಅಮ್ಮ, ಎತ್ತಲೋ ನೋಡುತ್ತಾ. "ಊರಾಚೆ ಒಂದು ಹೋಮ್‌ನಲ್ಲಿ. ನಾಳೆ ನಿನ್ನ ಮದುವೆಗೆ ತೊಂದ್ರೆ ಆಗ್ಬಾರ್ದು ಅಂತ..."

"ನಂಗೆ ಮದುವೇನೇ ಆಗ್ಲಿಲ್ವಲ್ಲಮ್ಮ!"

ಉಳಿದರ್ಧ ಚಿತ್ರವನ್ನು ಅವರು ನೋಡಲಿಲ್ಲ. ಹೊರಗೆ ಬಂದು ಟ್ಯಾಕ್ಸಿಯವನಿಗೆ ವಿಳಾಸ ಹೇಳಿದ್ದು ಅಮ್ಮನೇ. ಯಾವ ತಿರುವು, ಯಾವ ಗೇಟು, ಎಲ್ಲವನ್ನೂ, ಒಮ್ಮೆಯೂ ತಡವರಿಸದೆ.