ಕಾಗಿಣಾ ಹೊಳೆಯ ಬಾಟಲಿಯವನು

ತಾಂಡೂರಿನ ಹತ್ತಿರ ಕಾಗಿಣಾ ಹೊಳೆಯ ಸೇತುವೆಯ ಮೇಲೆ ತುಳಸಿರಾಮ ಹದಿನೇಳು ವರ್ಷ ನಿಂತ. ಹಗ್ಗಕ್ಕೆ ಬಾಟಲಿ ಕಟ್ಟಿ ಹೊಳೆಗಿಳಿಸಬೇಕು, ಕೊರಳಿನ ಗೆರೆತನಕ ತುಂಬಿಸಿ ಎತ್ತಬೇಕು, ಹೊತ್ತು ಬರೆದ ಚೀಟಿ ಅಂಟಿಸಬೇಕು. ಜೀಪು ಬಂದು ಬಾಟಲಿಗಳನ್ನು ಝಹೀರಾಬಾದಿನ ಕಚೇರಿಗೆ ಒಯ್ಯುತ್ತಿತ್ತು. ಅಲ್ಲಿ ಅವುಗಳನ್ನು ಏನು ಮಾಡುತ್ತಾರೆಂದು ಅವನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ದಿನಗೂಲಿಯವನಿಗೆ ಕೆಲಸ ಹೇಳುತ್ತಾರೆ, ಕೆಲಸದ ಅರ್ಥ ಹೇಳುವುದಿಲ್ಲ. ಅದು ನಮ್ಮ ಕಚೇರಿಗಳ ಹಳೆಯ ಶಿಸ್ತು.

ಎರಡು ಸಾವಿರದ ಹನ್ನೊಂದರ ಮಳೆಗಾಲಕ್ಕೆ ಸೇತುವೆಯ ಕಂಬಕ್ಕೆ ಒಂದು ಹಳದಿ ಡಬ್ಬಿ ಬಿಗಿದರು. ಅದು ಕಿವಿಗೆ ಕೇಳದ ಸದ್ದನ್ನು ನೀರೊಳಗೆ ಬಿಡುತ್ತಿತ್ತು. ಹರಿಯುವ ಮಣ್ಣಿನ ಕಣಗಳಿಗೆ ತಾಗಿ ಮರಳಿದ ಸದ್ದನ್ನು ಆಲಿಸುತ್ತಿತ್ತು. ಆದರೆ ಎಷ್ಟು ಸದ್ದಿಗೆ ಎಷ್ಟು ಮಣ್ಣು ಎಂಬುದು ಅದಕ್ಕೆ ಗೊತ್ತಿಲ್ಲ. ಅದೇ ಗಳಿಗೆಗೆ ತುಂಬಿದ ಬಾಟಲಿಯ ಮಣ್ಣು ತೂಗಿ ಅದಕ್ಕೆ ಕಲಿಸಬೇಕು. ಕಲಿತ ಮೇಲೆ ಬಾಟಲಿ ಬೇಕಿಲ್ಲ, ಬಾಟಲಿಯವನೂ ಬೇಕಿಲ್ಲ. ನಾರಾಯಣಖೇಡದ ಕಡೆ ಮಾಂಜ್ರಾ ಹೊಳೆಯ ಡಬ್ಬಿ ಹಿಂದಿನ ವರ್ಷವೇ ಕಲಿತಿತ್ತು. ಅಲ್ಲಿ ಬಾಟಲಿ ತುಂಬುತ್ತಿದ್ದ ವೈಜಿನಾಥನನ್ನು ಮನೆಗೆ ಕಳಿಸಿದ್ದರು.

ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಎಲ್ಲರ ಮುಷ್ಕರ ಶುರುವಾಯಿತು. ಬಸ್ಸು ನಿಂತಿತು, ಜೀಪೂ ಬರಲಿಲ್ಲ. ಆ ವಾರವೇ ಹೊಳೆ ತುಂಬಿ ಬಂತು. ತುಳಸಿರಾಮ ಮೂರು ದಿನ ತೊಯ್ದುಕೊಂಡೇ ಇಪ್ಪತ್ನಾಲ್ಕು ಬಾಟಲಿ ತುಂಬಿ, ಸೇತುವೆ ಪಕ್ಕದ ತಗಡಿನ ಕೋಣೆಯಲ್ಲಿಟ್ಟ. ಮೊದಲ ಬಾರಿಗೆ ಕಚೇರಿಯಿಂದ ಅವನ ಮೊಬೈಲಿಗೆ ಫೋನು ಬಂತು: ಹೇಗಾದರೂ ತಂದುಕೊಡು. ಹೇಗಾದರೂ ಎಂದರೆ ಸೈಕಲ್ಲು, ಹೋಗಿಬರಲು ಎರಡು ದಿನದ ದಾರಿ. ಹೇಳಿದವನಿಗೆ ಅದು ಒಂದು ಮಾತು.

ಹೋರಾಟದವರು ಸೇತುವೆಯ ಮೇಲೆ ಒಲೆ ಹೂಡಿ ರಸ್ತೆ ತಡೆದು ಅಡುಗೆ ಮಾಡುತ್ತಿದ್ದರು. ಅವರಲ್ಲೊಬ್ಬ, ಪೆದ್ದೆಮುಲ್‌ನ ಭೀಮಶಾ, ಕೋಣೆಯೊಳಗೆ ಇಣುಕಿದ.

"ಏನ್ ಕಾಕಾ, ಬಂದ್ ಒಳಗ ಸೇಂದಿ ಕೂಡಿಟ್ಟೀ ಏನು?"

"ಹೊಳಿ ನೀರಪಾ. ಝಹೀರಾಬಾದಕ್ಕ ಒಯ್ಯಬೇಕು."

"ಝಹೀರಾಬಾದನ್ಯಾಗ ನೀರಿಲ್ಲೇನು?"

"ನೀರಲ್ಲೋ, ಅದರಾಗಿನ ಮಣ್ಣು ಬೇಕಂತ. ಮಣ್ಣು ತೂಗತಾರಂತ, ಡಬ್ಬಿ ಬಿಗಿಯೋರು ಮಾತಾಡೋದು ಕೇಳೀನಿ."

ಭೀಮಶಾ ನಕ್ಕ. "ಮಣ್ಣು ಬೇಕಂದ್ರ ನೀರ್ಯಾಕ ಹೊರ್ತೀ? ಚೆಲ್ಲು. ಸರಕಾರದ ಕೆಲಸ ಮಾಡಿ ಮಾಡಿ ನಿನ್ನ ತಲಿನೂ ಸರಕಾರ ಆಗ್ಯದ."

ತಮಾಷೆಯ ಮಾತೇ ಹೌದು. ಆದರೆ ಒಂದು ವಾರ ನಿಂತ ಬಾಟಲಿಗಳಲ್ಲಿ ಮಣ್ಣು ತಳ ಹಿಡಿದು, ಮೇಲಿನ ನೀರು ತಿಳಿಯಾಗಿತ್ತು. ತುಳಸಿರಾಮನ ಮೊಣಕಾಲು ನೋಯುತ್ತಿತ್ತು. ಒಂದು ಕಣ ಮಣ್ಣು ಜಾರದಂತೆ, ಎಳೆಮಗುವಿಗೆ ಹಾಲು ಹನಿಸುವಷ್ಟು ಹುಷಾರಾಗಿ ಮೇಲಿನ ನೀರನ್ನೆಲ್ಲ ಬಸಿದ. ಹಗುರಾದ ಎರಡು ಚೀಲಗಳನ್ನು ಸೈಕಲ್ಲಿಗೆ ಹೇರಿದ.

ಝಹೀರಾಬಾದಿನಲ್ಲಿ ಸಂಪದಾ ಎಂಬ ಇಂಜಿನಿಯರು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ನೀರೆಲ್ಲಿ ಕಾಕಾ?"

"ಚೆಲ್ಲಿದೆ ಮೇಡಮ್. ಮಣ್ಣು ಅಷ್ಟೂ ಅದ್ರಿ."

ಅವಳು ಕುರ್ಚಿಗೆ ಕುಸಿದಳು. ಇಂತಿಷ್ಟು ನೀರಿನಲ್ಲಿ ಇಷ್ಟು ಮಣ್ಣು ಎಂದು ಲೆಕ್ಕ, ಬರೀ ಮಣ್ಣಿನದಲ್ಲ ಎಂದು ಬಿಡಿಸಿ ಹೇಳಿದಳು. ಹದಿನೇಳು ವರ್ಷದಲ್ಲಿ ಹೇಳಿದ್ದು ಅವಳೇ ಮೊದಲು. ಹೇಳಲು ಹಿಡಿದದ್ದು ಎರಡು ನಿಮಿಷ.

"ತುಂಬುವಾಗ ಗೆರೆತನಕ ಇತ್ತು ಅಂದ್ರೆ ಲೆಕ್ಕ ಕೂಡ್ತದ" ಎಂದಳು. "ನೆನಪಿಲ್ಲ ಅಂದ್ರೆ ಇವನ್ನೆಲ್ಲ ಬಿಸಾಕಿ, ಬರೋ ಮಳೆಗಾಲಕ್ಕ ಮತ್ತ ಮೊದಲಿಂದ. ನೀವೇ ತುಂಬಬೇಕು." ಅವನ ಮುಖ ನೋಡದೆ ಸೇರಿಸಿದಳು, "ಯೋಚನಿ ಮಾಡಿ ಹೇಳ್ರಿ."

ಅವಳು ಬಾಗಿಲು ತೆರೆದಿಟ್ಟಿದ್ದಾಳೆಂದು ಅವನಿಗೆ ತಿಳಿಯಿತು. ನೆನಪಿಲ್ಲ ಎಂದರೆ ಇನ್ನೊಂದು ವರ್ಷದ ಕೂಲಿ. ವೈಜಿನಾಥ ಈಗ ಕಂಗ್ಟಿಯಲ್ಲಿ ಕಂಡವರ ತೊಗರಿ ಹೊಲ ಕಾಯುತ್ತಾನೆ, ಅದೂ ಸುಗ್ಗಿ ಮುಗಿಯುವತನಕ. ತುಳಸಿರಾಮ ಬಾಟಲಿಗಳನ್ನು ನೋಡಿದ. ಮತ್ತೆ ಹಗ್ಗ, ಮತ್ತೆ ತೊಯ್ದ ಅಂಗಿ, ಮತ್ತೆ ಯಾರೋ ಫೋನಿನಲ್ಲಿ ಹೇಗಾದರೂ ಎನ್ನುವುದು.

"ಗೆರೀತನಕ ಇತ್ರಿ. ಇಪ್ಪತ್ನಾಲ್ಕೂ."

"ಖರೇನಾ?"

"ಸುಳ್ಳು ಹೇಳಿದ್ರ ಅದನ್ನ ಒಂದು ವರ್ಷ ಹೊರಬೇಕು ಮೇಡಮ್. ಅಷ್ಟು ತ್ರಾಣ ಇಲ್ಲ."

ಸಂಪದಾ ಬರೆದುಕೊಂಡಳು. ಡಬ್ಬಿಯ ಸದ್ದಿಗೂ ಬಾಟಲಿಯ ಮಣ್ಣಿಗೂ ತಾಳೆಯಾಯಿತು, ಡಬ್ಬಿ ಕಲಿಯಿತು. ವರದಿಯಲ್ಲಿ ಡಬ್ಬಿ ತಯಾರಿಸಿದ ದೇಶದ ಹೆಸರಿದೆ, ಮೇಲಧಿಕಾರಿಯ ಹೆಸರು ಎರಡು ಕಡೆ ಇದೆ. ತುಂಬಿದವನ ಹೆಸರಿಗೆ ಅದರಲ್ಲಿ ಅಂಕಣವೇ ಇಲ್ಲ.

ಮರುದಿನ ಸಂಜೆ ಊರು ಸೇರಿದಾಗ ಹೆಂಡತಿ ಸಾಯಮ್ಮ ಸೈಕಲ್ಲು ಹಿಡಿದುಕೊಂಡಳು.

"ಏನಂದ್ರು?"

"ಬರ್ಕೊಂಡ್ರು" ಎಂದ. "ಜೂನ್‌ದಾಗ ಕೆಲಸಕ್ಕ ಕರಿಯಂಗಿಲ್ಲ."

ಸಾಯಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಾಲಿಗೆ ಹಚ್ಚಲು ಎಣ್ಣೆ ಬಿಸಿಮಾಡಲು ಒಳಗೆ ಹೋದಳು.