ಹಾಜರಿದ್ದ ತಮ್ಮ

ಆ ಊರಿನ ಹೋಟೆಲುಗಳಲ್ಲಿ ಹಾಯಾಗಿ ಮಲಗಿ ಎದ್ದು ಹೋದವರು ಲೆಕ್ಕವಿಲ್ಲದಷ್ಟು ಮಂದಿ. ಆದರೆ ತಮ್ಮ ಮೈ ಕೆಳಗಿನ ಬಿಳಿಯ ಶೀಟನ್ನು ಅಷ್ಟು ಒಪ್ಪವಾಗಿ ಮಡಿಸಿಟ್ಟವರು ಯಾರೆಂದು ಕೇಳಿದವರು ಒಬ್ಬರೂ ಇರಲಾರರು. ಮಡಿಸಿದವನು ದೊಡ್ಡಣ್ಣ. ಹೊಟ್ಟೆಪಾಡಿಗಾಗಿ ಪರದೇಶ ಸೇರಿ, ಅಲ್ಲಿಯ ಲಾಂಡ್ರಿಯೊಂದರ ಹಬೆಯಲ್ಲಿ ತಲೆ ನರೆಸಿಕೊಂಡ ಮನುಷ್ಯ. ದೇವರನ್ನು ನೆನೆಯದೆ ಒಂದು ತುತ್ತನ್ನೂ ಬಾಯಿಗಿಟ್ಟವನಲ್ಲ. ಇನ್ನೊಬ್ಬರ ಒಂದು ಗುಂಡಿಯನ್ನೂ ಮುಟ್ಟಿದವನಲ್ಲ. ಅಂಥವನ ಬಾಳಿನಲ್ಲಿ ಸುಳ್ಳು ಹೇಗೆ ಹೊಕ್ಕಿತು, ಹೊಕ್ಕಮೇಲೆ ಏನು ಮಾಡಿತು ಎಂಬುದೇ ಇಲ್ಲಿಯ ಸಂಗತಿ.

ದೊಡ್ಡ ಶೀಟನ್ನು ಮಡಿಸುವುದು ಒಂಟಿ ಆಳಿನ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು; ಒಮ್ಮೆ ಕೊಡವಿ, ಬಿಗಿಯಾಗಿ ಜಗ್ಗಿ, ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ದೊಡ್ಡಣ್ಣನ ಎದುರಿಗೆ ನಿಲ್ಲುತ್ತಿದ್ದವನು ಅವನ ಒಡಹುಟ್ಟಿದ ತಮ್ಮ. ಇಬ್ಬರ ನಡುವೆ ಮಾತೇ ಬೇಕಾಗುತ್ತಿರಲಿಲ್ಲ. ಒಬ್ಬನು ಉಸಿರು ಬಿಟ್ಟರೆ ಇನ್ನೊಬ್ಬನು ಹೆಜ್ಜೆಯಿಡುತ್ತಿದ್ದನು. ಲಾಂಡ್ರಿಯವರೆಲ್ಲ ಅವರನ್ನು ಜೋಡೆತ್ತು ಎಂದು ಕರೆಯುತ್ತಿದ್ದರು.

ಹೊರನಾಡಿನಿಂದ ಬಂದವರಿಗೆ ಅಲ್ಲಿ ಒಂದು ಕಟ್ಟಳೆಯಿತ್ತು. ಮೂರು ತಿಂಗಳಿಗೊಮ್ಮೆ ವಲಸೆ ಕಚೇರಿಯ ಕಿಟಕಿಯ ಮುಂದೆ ನಿಂತು, ಇಂಥ ಬೀದಿಯ ಇಂಥ ಮನೆಯಲ್ಲಿಯೇ ಇದ್ದೇನೆಂದು ವರದಿ ಒಪ್ಪಿಸಬೇಕು. ವರ್ಷಕ್ಕೊಮ್ಮೆ ವೀಸಾ ಮುಂದುವರಿಸಿಕೊಳ್ಳಬೇಕು. ವರದಿ ತಪ್ಪಿದವನ ವೀಸಾ ರದ್ದು. ಒಮ್ಮೆ ರದ್ದಾದರೆ ಆ ನಾಡಿನ ಗಡಿಯೊಳಗೆ ಮತ್ತೆ ಕಾಲಿಡುವಂತಿಲ್ಲ. ತಮ್ಮನು ಬಂದದ್ದು ಅಣ್ಣನ ಜಾಮೀನಿನ ಮೇಲೆ. ಆದುದರಿಂದ ಇಬ್ಬರ ಪಾಸ್‌ಪೋರ್ಟನ್ನೂ ಹಿಡಿದು ದೊಡ್ಡಣ್ಣನೊಬ್ಬನೇ ಹೋದರೂ ಕಚೇರಿಯವರು ಒಪ್ಪುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ತಮ್ಮನು ಚೀಲ ಕಟ್ಟಿಕೊಂಡು ನಿಂತನು.

“ಬಂದರಲ್ಲಿ ಕೂಲಿ ಚೆನ್ನಾಗಿದೆಯಂತೆ. ನಾಲ್ಕು ದಿನ ನೋಡ್ಕೊಂಡು ಬರ್ತೀನಿ.”

“ಬೇರೆ ಊರಲ್ಲಿ ಉಳ್ಕೊಂಡ್ರೆ ಅಲ್ಲೂ ವರದಿ ಕೊಡ್ಬೇಕು ಕಣೋ.”

“ನಾಲ್ಕು ದಿನಕ್ಕೆ ಯಾರು ಕೇಳ್ತಾರೆ? ನೀನೊಬ್ಬ, ಸೀನೋಕೂ ಅಪ್ಪಣೆ ಕೇಳೋನು!”

“ಹೋಗು ಹಾಗಾದ್ರೆ. ಪಾಸ್‌ಪೋರ್ಟ್ ಮಾತ್ರ ಇಲ್ಲೇ ಇರ್ಲಿ. ಹೋದ ಸಲ ಕೊಡೇನೇ ಬಸ್ಸಲ್ಲಿ ಬಿಟ್ಟು ಬಂದೋನು ನೀನು.”

ತಮ್ಮನು ನಕ್ಕು, ಪಾಸ್‌ಪೋರ್ಟನ್ನು ಅಣ್ಣನ ಕೈಗೆ ಹಾಕಿ ಹೊರಟನು. ನಾಲ್ಕು ದಿನ ಕಳೆದವು, ತಿಂಗಳು ಕಳೆಯಿತು. ದೊಡ್ಡಣ್ಣನು ಬಂದರಿಗೆ ಹೋಗಿ ಗೋದಾಮುಗಳ ಬಾಗಿಲಲ್ಲೂ ಚಹಾದಂಗಡಿಗಳಲ್ಲೂ ವಿಚಾರಿಸಿದನು. “ಅಂಥೋನು ಒಬ್ಬ ಹಡಗು ಹತ್ತಿದ ಹಾಗಿತ್ತಪ್ಪ” ಎಂದು ಯಾರೋ ಹೇಳಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಯಿತು. ಪೊಲೀಸರ ಬಳಿಗೆ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ತಮ್ಮನಿಲ್ಲವೆಂದು ಬಾಯಿಬಿಟ್ಟರೆ ಅವನ ವೀಸಾ ಹೋಗುವುದು. ನಾಳೆ ಹಡಗಿನಿಂದ ಇಳಿದು ಬಂದವನಿಗೆ ಬಾಗಿಲು ಮುಚ್ಚುವುದು.

ವರದಿಯ ದಿನ ಬಂತು. ಗಾಜಿನ ಹಿಂದೆ ಕುಳಿತ ಹೆಂಗಸು ಎರಡೂ ಪಾಸ್‌ಪೋರ್ಟುಗಳನ್ನು ತಿರುವಿ ನೋಡಿ, ಎಂದಿನಂತೆ ಕೇಳಿದಳು.

“ಇಬ್ಬರೂ ಅದೇ ವಿಳಾಸದಲ್ಲೇ ಇದೀರಾ?”

“ಇದೀವಿ, ಮೇಡಂ.”

ಮೊಹರು ಬಿತ್ತು. ಎಷ್ಟು ಸುಲಭವಾಗಿತ್ತು! ಅಯ್ಯೋ, ಪಾಪವೆಲ್ಲ ಕೋರೆಹಲ್ಲು ಕಿಸಿದುಕೊಂಡೇ ಬರುವುದಾದರೆ ಮನುಷ್ಯನು ಓಡಿಯಾದರೂ ತಪ್ಪಿಸಿಕೊಂಡಾನು. ಇದು ಬಂದದ್ದು ವಾತ್ಸಲ್ಯದ ಉಡುಪಿನಲ್ಲಿ. ತಮ್ಮನಿಗಾಗಿ ಬಾಗಿಲೊಂದನ್ನು ತೆರೆದಿಡುವೆನೆಂದು ದೊಡ್ಡಣ್ಣನು ನಂಬಿದ್ದನು. ಆದರೆ ತೆರೆದಿಟ್ಟ ಬಾಗಿಲಿನಿಂದ ಒಳಗೆ ಬರುವವರು ಯಾರೆಂಬುದು ತೆರೆದವನ ಕೈಯಲ್ಲಿರುವುದಿಲ್ಲ.

ಕಚೇರಿಗೆ ಒಂದು ಮಾತು ಸಾಕಾಯಿತು, ಮನೆಯೊಡತಿಗೆ ಸಾಲಲಿಲ್ಲ. ವೀಸಾ ಮುಂದುವರಿಸುವಾಗ ಇಬ್ಬರೂ ತನ್ನ ಮನೆಯಲ್ಲಿಯೇ ಇರುವರೆಂದು ಅವಳು ಸಹಿ ಹಾಕಬೇಕಾಗಿತ್ತು. ಮೆಟ್ಟಿಲ ಕೆಳಗೆ ಪೊರಕೆ ಹಿಡಿದು ನಿಂತು ಅವಳು ತನಿಖೆ ನಡೆಸುತ್ತಿದ್ದಳು.

“ಏನಪ್ಪಾ, ನಿನ್ನ ತಮ್ಮ ಗಾಳೀನಾ? ಹೋಗೋದೂ ಕಾಣಲ್ಲ, ಬರೋದೂ ಕಾಣಲ್ಲ.”

“ರಾತ್ರಿ ಪಾಳಿ, ಅಮ್ಮ.”

“ಹಗಲು?”

“ಮಲಗಿರ್ತಾನೆ.”

“ಸರಿಹೋಯ್ತು, ಗೂಬೆ ಸಾಕ್ಕೊಂಡಿದೀಯ. ಕೆಮ್ಮೋದಾದ್ರೂ ಕೇಳಿಸ್ಬೇಕಲ್ಲಪ್ಪ!”

ಅಂದಿನಿಂದ ದೊಡ್ಡಣ್ಣನು ತಮ್ಮನ ಇರವನ್ನು ತಾನೇ ನಡೆಸತೊಡಗಿದನು. ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ ಬಿಟ್ಟನು. ತಮ್ಮನ ಅಂಗಿಗಳನ್ನು ವಾರಕ್ಕೊಮ್ಮೆ ಒಗೆದು ಮೆಟ್ಟಿಲ ಕಂಬಿಗೆ ಹರವಿದನು. ತೊಳೆದ ಎರಡು ತಟ್ಟೆಗಳನ್ನು ಕಿಟಕಿಯಲ್ಲಿ ಒಣಗಲು ಇಟ್ಟನು. ಅವಳ ಕಿವಿಗೆ ಬೀಳಲೆಂದು ಕೋಣೆಯೊಳಗೆ ಗಟ್ಟಿಯಾಗಿ ಮಾತಾಡಿದನು: “ಏಳೋ, ಹೊತ್ತಾಯ್ತು. ಟವೆಲ್ ಎಲ್ಲಿ ಹಾಕ್ದೆ?” ಕೇಳಿ, ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಸುಮ್ಮನಿರುತ್ತಿದ್ದನು, ಮಾತುಕತೆ ನಿಜವೆನಿಸಲು ಅಷ್ಟು ಬಿಡುವು ಬೇಕಲ್ಲವೇ?

ಆ ಬಿಡುವಿನಲ್ಲಿಯೇ ಅವನು ಬಂದು ಸೇರಿದನು.

ಮೊದಮೊದಲು ಉಸಿರಿನಂಥದೊಂದು ಸದ್ದು. ಮುದುರಿ ಮಲಗಿದವನು ಮಗ್ಗುಲು ಬದಲಿಸಿದಂತೆ. ಒಂದು ಮಧ್ಯಾಹ್ನ, ಕಂಬಿಯ ಮೇಲೆ ಗರಿಗರಿಯಾಗಿ ಒಣಗಿದ್ದ ಟವೆಲನ್ನು ದೊಡ್ಡಣ್ಣನು ಒಳಗೆ ತಂದು ಗೂಟಕ್ಕೆ ಹಾಕಿ ಹೋಗಿದ್ದನು. ಕೆಲಸದಿಂದ ಬಂದು ಮುಟ್ಟಿದರೆ ಅದು ಒದ್ದೆಯಾಗಿತ್ತು. ಸೂರು ಸೋರಿದ್ದೀತೆಂದು ಮೇಲೆ ನೋಡಿದನು, ಸೂರು ಒಣಗಿತ್ತು. ಹೆದರಬೇಕಾದವನು ಹೆದರಲಿಲ್ಲ. ಟವೆಲನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತನು. ಅದಕ್ಕೆ ಉಪ್ಪುನೀರಿನ ವಾಸನೆಯಿತ್ತು.

ಲಾಂಡ್ರಿಯಲ್ಲಿ ಜೊತೆಗಾರನಿಲ್ಲದ ದೊಡ್ಡಣ್ಣನು ಶೀಟಿನ ಎರಡು ಮೂಲೆಗಳನ್ನು ಗೋಡೆಯ ಕೊಕ್ಕೆಗಳಿಗೆ ಸಿಕ್ಕಿಸಿ ಒಬ್ಬನೇ ಮಡಿಸುವುದನ್ನು ಕಲಿತಿದ್ದನು. ಹಬೆ ದಟ್ಟವಾಗಿದ್ದ ಒಂದು ಬೆಳಿಗ್ಗೆ ಇನ್ನೂ ಕೊಕ್ಕೆಗೆ ಸಿಕ್ಕಿಸಿರಲಿಲ್ಲ. ಶೀಟನ್ನು ಕೊಡವಿದಾಗ ಆ ತುದಿ ನೆಲಕ್ಕೆ ಬೀಳದೆ ಮೇಲಕ್ಕೆದ್ದು ಬಿಗಿಯಾಯಿತು. ಹಬೆಯ ಆಚೆ ಏನೂ ಕಾಣಲಿಲ್ಲ. ಹಳೆಯ ಅಭ್ಯಾಸಬಲದಿಂದ ಅವನು ಉಸಿರು ಬಿಟ್ಟು ಮುಂದೆ ನಡೆದನು. ಮೂಲೆಗಳು ತಾವಾಗಿ ಅವನ ಬೆರಳಿಗೆ ಬಂದು ಸೇರಿದವು. ಬಾಯ್ಲರಿನವನು ಬಾಗಿಲಿನಿಂದ ಕೂಗಿದನು: “ಏನೋ ಒಂಟೆತ್ತೇ, ಯಾರ ಜೊತೆ ನಗ್ತಾ ಇದೀಯ?” ತಾನು ನಗುತ್ತಿದ್ದುದು ದೊಡ್ಡಣ್ಣನಿಗೆ ಆಗಲೇ ತಿಳಿದದ್ದು.

ದೇವರ ಮುಂದೆ ಕುಳಿತಾಗ ಮಾತ್ರ ಅವನಿಗೆ ನೆಮ್ಮದಿಯಿರಲಿಲ್ಲ. “ಸತ್ಯಸ್ವರೂಪನೇ” ಎಂದು ತೊಡಗುವುದು ಅವನ ವಾಡಿಕೆ. ಆ ಮೊದಲ ಮಾತಿನಲ್ಲಿಯೇ ನಾಲಿಗೆ ತೊಡರುತ್ತಿತ್ತು. ಕಣ್ಣು ಮುಚ್ಚಿದರೆ ಬೆನ್ನ ಹಿಂದೆ ಯಾರೋ ನಿಂತು, ಇವನು ಪ್ರಾರ್ಥನೆ ಮುಗಿಸಲೆಂದು ಕಾಯುತ್ತಿರುವಂತೆ ತೋರುತ್ತಿತ್ತು. ಇವನ ಬಾಯಿಗೆ ಬರದ ಒಂದು ಮಾತನ್ನು ಆ ನಿಂತವರು ಬೇಡುತ್ತಿದ್ದರು.

ಹೀಗೆ ಎರಡು ವರ್ಷ ದಾಟಿತು. ಊರಿನಿಂದ ತಮ್ಮನ ಹೆಂಡತಿ ಫೋನು ಮಾಡುತ್ತಲೇ ಇದ್ದಳು.

“ಭಾವ, ಅವರು ಹೇಗಿದಾರೆ?”

“ಚೆನ್ನಾಗಿದಾನಮ್ಮ. ಹಡಗಿನ ಕೆಲಸ, ಫೋನ್ ಸಿಗಲ್ಲ.”

“ಎರಡು ವರ್ಷದಿಂದ ಒಂದೇ ಹಡಗಾ? ಸಮುದ್ರ ಅಷ್ಟು ದೊಡ್ಡದಾ, ಭಾವ?”

ದೊಡ್ಡಣ್ಣನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದನು.

“ನಾನು ಕಾಯ್ಬೇಕಾ, ಅಳ್ಬೇಕಾ, ಅದೊಂದು ಹೇಳ್ಬಿಡಿ. ಎರಡನ್ನೂ ಒಟ್ಟಿಗೆ ಮಾಡಿ ಸಾಕಾಗಿದೆ.”

ಆ ವರ್ಷ ವೀಸಾ ಮುಂದುವರಿಸುವ ನಿಯಮ ಬದಲಾಯಿತು. ಇನ್ನು ಮುಂದೆ ಪ್ರತಿಯೊಬ್ಬನೂ ಖುದ್ದಾಗಿ ಬಂದು ಮುಖ ತೋರಿಸಬೇಕು, ಬೆರಳಚ್ಚು ಕೊಡಬೇಕು. ದೊಡ್ಡಣ್ಣನ ಮುಖ ಬಾಡಿದ್ದನ್ನು ಕಂಡ ಬಾಯ್ಲರಿನವನು ವಿಷಯ ತಿಳಿದುಕೊಂಡು ಗಹಗಹಿಸಿದನು. ಅವನು ಆ ನಾಡಿನವನೇ. ತಮ್ಮನು ಹಡಗಿನಲ್ಲಿರುವನೆಂದೇ ನಂಬಿದ್ದವನು.

“ಅಷ್ಟೇನಾ? ನಾನೇ ಬರ್ತೀನಿ ಬಿಡು. ನಿನ್ನ ತಮ್ಮನ ಮೂಗೂ ನನ್ನ ಮೂಗೂ ಒಂದೇ ಅಚ್ಚು. ಪಾಸ್‌ಪೋರ್ಟ್ ಫೋಟೋದಲ್ಲಿ ಎಲ್ರೂ ಕಳ್ಳರ ಥರಾನೇ ಕಾಣ್ತೀವಿ.”

“ಬೆರಳಚ್ಚು?”

“ಅವನದು ಅವರ ಹತ್ರ ಇಲ್ವಲ್ಲ. ನಂದು ಕೊಟ್ರೆ ಇನ್ಮೇಲೆ ಅದೇ ಅವನದು.”

ಇಬ್ಬರೂ ಕಚೇರಿಗೆ ಹೋದರು. ಬಾಯ್ಲರಿನವನು ತಮ್ಮನ ನೀಲಿ ಅಂಗಿ ತೊಟ್ಟಿದ್ದನು. ಸಾಲಿನಲ್ಲಿ ಅವನ ಹಿಂದೆ ನಿಂತ ದೊಡ್ಡಣ್ಣನು ಆ ಬೆನ್ನನ್ನು ನೋಡಿದನು. ಅದು ತಮ್ಮನ ಬೆನ್ನೇ ಆಗಿತ್ತು. ಆಗ ಬಾಯ್ಲರಿನವನ ಮಾತು ಅವನ ಎದೆಯಲ್ಲಿ ತಿರುಗಿತು. ಇನ್ನು ಮೇಲೆ ಅದೇ ಅವನದು! ಈ ಬೆರಳು ಒಮ್ಮೆ ಒತ್ತಿದರೆ ಸಾಕು, ತಮ್ಮನು ಜೀವಂತ ಹಿಂದಿರುಗಿದರೂ ಅವನ ಸ್ವಂತ ಬೆರಳೇ ಸುಳ್ಳಾಗುವುದು. ಬಾಗಿಲು ತೆರೆದಿಡಲೆಂದು ಹೇಳಿದ ಸುಳ್ಳು ಈಗ ಬಾಗಿಲಿಗೆ ಗೋಡೆ ಕಟ್ಟಲು ಬಂದಿತ್ತು.

ಗಾಜಿನ ಹಿಂದಿನ ಹೆಂಗಸು ತಲೆಯೆತ್ತಿದಳು. “ತಮ್ಮ ಇವರೇನಾ?”

ಕರುಣಾಳುವಾದ ದೇವರು ಕೆಲವೊಮ್ಮೆ ನಮ್ಮ ಗಂಟಲನ್ನು ತಾನೇ ಹಿಡಿದು ಮಾತಾಡಿಸುತ್ತಾನೆ.

“ಅಲ್ಲ, ಮೇಡಂ. ಇವನು ಸುಮ್ನೆ ಜೊತೆಗೆ ಬಂದೋನು. ನನ್ನ ತಮ್ಮ ಇಲ್ಲ.”

ಬಾಯ್ಲರಿನವನು ಬಿಸಿ ಕೆಂಡ ತುಳಿದವನಂತೆ ಅಲ್ಲಿಂದ ಜಾಗ ಖಾಲಿ ಮಾಡಿದನು.

“ಇಲ್ಲ ಅಂದ್ರೆ?”

“ಬಂದರಿಗೆ ಹೋದೋನು ಬರ್ಲಿಲ್ಲ. ಎರಡು ವರ್ಷ ದಾಟ್ತು. ಅಲ್ಲಿಂದ ಇಲ್ಲೀವರೆಗೂ ನಾನು ಹೇಳಿದ್ದೆಲ್ಲ ಸುಳ್ಳು.”

ಹೆಂಗಸು ಗದರುವಳೆಂದು ಅವನು ಕಾದನು. ಅವಳು ಗದರಲಿಲ್ಲ. ಕನ್ನಡಕ ತೆಗೆದು, “ಬಂದರು ಅಂದ್ರಾ?” ಎಂದಳು. ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕಿಟಕಿಯ ಹಿಂದೆ ಕೂರದೆ, ಬಾಗಿಲು ದಾಟಿ ಬಂದು ಅವನ ಪಕ್ಕದ ಬೆಂಚಿನ ಮೇಲೆ ಕುಳಿತಳು.

“ಆ ವರ್ಷ ಬಂದರಿನ ಪೊಲೀಸರು ಎಲ್ಲಾ ಕಚೇರಿಗೂ ಕೇಳಿ ಕಳಿಸಿದ್ರು. ನೀರಲ್ಲಿ ಒಬ್ಬರು ಸಿಕ್ಕಿದಾರೆ, ಹೊರಗಿನವರ ಹಾಗೆ ಕಾಣ್ತಾರೆ, ಜೇಬಲ್ಲಿ ಗುರುತು ಏನೂ ಇಲ್ಲ. ನಿಮ್ಮಲ್ಲಿ ವರದಿಗೆ ಬರದೆ ಇರೋರು ಯಾರಾದ್ರೂ ಇದಾರಾ ಅಂತ. ನಾನೇ ಹುಡುಕಿ ನೋಡಿ ಉತ್ತರ ಕೊಟ್ಟೆ.”

“ಏನಂತ, ಮೇಡಂ?”

“ಯಾರೂ ತಪ್ಪಿಸಿಲ್ಲ, ಎಲ್ಲರೂ ಹಾಜರಿದಾರೆ ಅಂತ.”

ದೊಡ್ಡಣ್ಣನು ಅಳಲಿಲ್ಲ, ಅಳಲು ಬೇಕಾದ ಉಸಿರೂ ಅವನಲ್ಲಿ ಉಳಿದಿರಲಿಲ್ಲ. ತಮ್ಮನನ್ನು ಯಾರೂ ಹುಡುಕಲಿಲ್ಲ, ಏಕೆಂದರೆ ಅಣ್ಣನು ಅವನನ್ನು ಮನೆಯಲ್ಲಿಯೇ ಇರಿಸಿಕೊಂಡಿದ್ದನು.

ಬಂದರಿನ ಠಾಣೆಯಲ್ಲಿ ಒಂದು ಚಿತ್ರ ತೋರಿಸಿದರು. ನೀರು ಬಹಳಷ್ಟನ್ನು ಅಳಿಸಿತ್ತಾದರೂ ಒಡಹುಟ್ಟಿದವನ ಕಣ್ಣಿಗೆ ಉಳಿದಷ್ಟೇ ಸಾಕಾಗಿತ್ತು. ಗುರುತು ಹಿಡಿಯುವವರಿಗಾಗಿ ಕಾದು ನೋಡಿ, ಯಾರೂ ಬಾರದಿರಲು, ಅವನನ್ನು ಊರಾಚೆ ದಿಕ್ಕಿಲ್ಲದವರ ಸಾಲಿನಲ್ಲಿ ಮಣ್ಣು ಮಾಡಿದ್ದರು.

ಠಾಣೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಅವನು ಊರಿಗೆ ಫೋನು ಮಾಡಿದನು. ನಡೆದದ್ದನ್ನೂ ತಾನು ಮಾಡಿದ್ದನ್ನೂ ಒಂದನ್ನೂ ಮುಚ್ಚಿಡದೆ ಹೇಳಿದನು. ಶಾಪಕ್ಕೆ ತಲೆಯೊಡ್ಡಿ ಅವನು ಕಾದನು.

“ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀರಾ, ಭಾವ?” ಎಂದಳು ಅವಳು. ಅಷ್ಟು ಹೇಳಿದ ಮೇಲೆ ಅವಳ ಅಳು ಒಡೆಯಿತು. ಅದು ಎರಡು ವರ್ಷ ತಡವಾಗಿ ಬಂದ ಅಳು. ಆದರೂ ತನಗೆ ಸಲ್ಲಬೇಕಾದದ್ದು ಕೊನೆಗೂ ಸಂದಂತೆ ಅದರಲ್ಲೊಂದು ಬಿಡುಗಡೆಯಿತ್ತು.

ಸುಳ್ಳು ವರದಿ ಕೊಟ್ಟದ್ದಕ್ಕಾಗಿ ದೊಡ್ಡಣ್ಣನ ವೀಸಾ ಮುಂದುವರಿಯಲಿಲ್ಲ; ತಿಂಗಳೊಳಗೆ ಆ ನಾಡು ಬಿಡಬೇಕೆಂದು ಅಪ್ಪಣೆಯಾಯಿತು. ಅವನು ಯಾರನ್ನೂ ದೂರಲಿಲ್ಲ. ಹೊರಡುವ ಮುಂಚೆ ಸ್ಮಶಾನಕ್ಕೆ ಹೋದನು.

“ಯಾರನ್ನ ನೋಡ್ಬೇಕು?” ಎಂದು ಕಾವಲಿನ ಮುದುಕನು ಕೇಳಿದನು.

“ನನ್ನ ತಮ್ಮನ್ನ.”

“ಹೆಸರು?”

“ಇಲ್ಲಿ ಬರೆದಿಲ್ಲ, ತಾತ. ಕೊಡೋಕೆ ಅಂತಾನೇ ಬಂದೆ.”

ಮುದುಕನು ಹಲಗೆಯೊಂದನ್ನೂ ಬಣ್ಣದ ಡಬ್ಬಿಯನ್ನೂ ತಂದುಕೊಟ್ಟನು. ದೊಡ್ಡಣ್ಣನು ತಾಯಿತಂದೆ ಇಟ್ಟ ಹೆಸರನ್ನು ಪೂರ್ತಿಯಾಗಿ ಬರೆದು, ಗಾಳಿಗೆ ಕೇಳಿಸುವಂತೆ ಒಮ್ಮೆ ಓದಿ, ಮಣ್ಣಿಗೆ ಹಣೆ ಮುಟ್ಟಿಸಿದನು. ಬೆನ್ನ ಹಿಂದೆ ಯಾರಾದರೂ ನಿಂತಿರುವರೇ ಎಂದು ಆಲಿಸಿದನು. ಹುಲ್ಲು ಅಲುಗಾಡುತ್ತಿತ್ತು, ಅಷ್ಟೆ. ಭಯಕ್ಕಿಂತ ಭಾರವಾದದ್ದು ಆ ಮೌನ. ಅದನ್ನು ಹೊರುವ ಬಲ ಕೊಡೆಂದು ಅವನು ದೇವರನ್ನು ಬೇಡಿದನು. ಹೊರೆ ಇಳಿಸೆಂದು ಬೇಡಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಜನ ತುಂಬಿದ್ದರು. ಇಬ್ಬರು ಕೂರುವ ಸೀಟಿನಲ್ಲಿ ದೊಡ್ಡಣ್ಣನು ಅಂಚಿಗೆ ಕುಳಿತಿದ್ದನು. ಕಿಟಕಿಯ ಕಡೆಯ ಜಾಗ ಖಾಲಿಯಿತ್ತು. ಚೀಲ ಹೊತ್ತ ಹೆಂಗಸೊಬ್ಬಳು ಬಂದು ನಿಂತಳು.

“ಇಲ್ಲಿ ಯಾರಾದ್ರೂ ಇದಾರಾ, ಅಣ್ಣ?”

ದೊಡ್ಡಣ್ಣನು ಆ ಖಾಲಿ ಜಾಗವನ್ನು ನೋಡಿದನು. ಹೆಂಗಸು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

“ಇಲ್ಲಮ್ಮ,” ಎಂದನು ಕೊನೆಗೆ. “ಯಾರೂ ಇಲ್ಲ. ಕೂತ್ಕೊಳ್ಳಿ.”

ಅವಳು ಒಳಗೆ ಹೋಗಲೆಂದು ಅವನು ಎದ್ದು ನಿಂತನು. ಅವಳು ದಾಟಿ ಹೋಗಿ ಕುಳಿತ ಮೇಲೂ ಅವನು ಒಡನೆ ಕೂರಲಿಲ್ಲ. ಆ ಜಾಗದಲ್ಲಿ ಕುಳಿತಿದ್ದ ಇನ್ನೊಬ್ಬನು ಎದ್ದು ಹೊರಗೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ದಾರಿ ಬಿಟ್ಟು ನಿಂತಿದ್ದು, ಆಮೇಲೆ ಕುಳಿತನು.