ಗೋಡೆ ಬದಿಯ ಒಣ ಪಟ್ಟಿ

ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ವಸ್ತಾದರ ಎರಡು ಕಿವಿಗಳೂ ಸುಟ್ಟ ಹಪ್ಪಳದ ಹಾಗೆ ಮುದುರಿಕೊಂಡಿದ್ದವು. ವಯಸ್ಸಿನಲ್ಲಿ ಕುಸ್ತಿ ಆಡಿ, ತಲೆಗೆ ತಲೆ ಉಜ್ಜಿ ಹಾಗಾದವಂತೆ. ಕನ್ನಡಕದ ಕಡ್ಡಿ ಆ ಕಿವಿಯ ಮೇಲೆ ನಿಲ್ಲುತ್ತಿರಲಿಲ್ಲ. ಅದಕ್ಕೆ ದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಂಡಿದ್ದರು. ಹಣೆಯ ತುಂಬ ವಿಭೂತಿ, ಮೇಲೊಂದು ಬನಿಯನ್, ಮಡಚಿ ಕಟ್ಟಿದ ಪಂಚೆ. ನಾನು ಮೊದಲ ಸಲ ನೋಡಿದಾಗ ತಮ್ಮ ಕೋಣೆಯ ಚಾಪೆಯ ಮೇಲೆ, ಗೋಡೆಗೆ ಒರಗದೆ, ನೆಟ್ಟಗೆ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ ಹಾಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಬಂಡೀಪುರದ ರಸ್ತೆಯನ್ನು ರಾತ್ರಿ ಹೊತ್ತು ಮುಚ್ಚಲು ಶುರು ಮಾಡಿದರಲ್ಲ, ಆ ವರ್ಷದ ಮಾತು. ವಸ್ತಾದರ ಸೋದರಳಿಯ ಗುಂಡ್ಲುಪೇಟೆಯಿಂದ ಕೇರಳಕ್ಕೆ ಲಾರಿಯಲ್ಲಿ ತರಕಾರಿ ಸಾಗಿಸುತ್ತಿದ್ದ. ರಾತ್ರಿ ಓಡಾಟ ನಿಂತ ಮೇಲೆ ವ್ಯಾಪಾರ ಕುಂಟಿತು. ಮಾವನ ಗರಡಿಯನ್ನು ಜಿಮ್ಮು ಮಾಡುತ್ತೇನೆ ಅಂದ. ಮದುವೆಯಿಲ್ಲದ ವಸ್ತಾದರಿಗೆ ಬೇರೆ ಯಾರೂ ಇರಲಿಲ್ಲ. ಆಗಲಿ ಅಂದರು. ಹುಡುಗರು ಕುಸ್ತಿ ಕಲಿಯುತ್ತಿದ್ದ ಕೆಮ್ಮಣ್ಣಿನ ಮಟ್ಟಿಯ ಮೇಲೆ ಅಳಿಯ ಸಿಮೆಂಟು ಹಾಕಿಸಿ, ಕೋಳಿಕೋಡಿನಿಂದ ತಂದ ಹಸಿರು ಪ್ಲಾಸ್ಟಿಕ್ ಹುಲ್ಲನ್ನು ಅಂಟಿಸಿದ. ಕಿಟಕಿ ಮುಚ್ಚಿ ಗೋಡೆಗೆಲ್ಲ ಕನ್ನಡಿ ಹೊಡೆಸಿದ. ಬೀದಿಯ ಕಡೆಗೆ ದೊಡ್ಡ ಷಟರ್ ಇಡಿಸಿದ. ವಸ್ತಾದರ ಕೋಣೆ ಹಿಂದುಗಡೆ ಹಾಗೇ ಉಳಿಯಿತು. ಅದರ ಬಾಗಿಲು ಹುಲ್ಲಿನ ಹಾಲಿಗೇ ತೆರೆಯಬೇಕು. ಬೇರೆ ದಾರಿಯಿಲ್ಲ.

ಆ ಹುಲ್ಲು ತೊಳೆಯಲು ನನ್ನನ್ನು ಇಟ್ಟುಕೊಂಡರು. ನನ್ನ ಮಗಳು ಗಂಡನನ್ನು ಬಿಟ್ಟು ಮಕ್ಕಳ ಜೊತೆ ಮನೆಗೆ ಬಂದಿದ್ದಳು. ಬೇಡ ಅನ್ನುವ ಹಾಗಿರಲಿಲ್ಲ.

ಬೆಳಗಿನ ಬ್ಯಾಚು ಮುಗಿದು ಹತ್ತು ಗಂಟೆಗೆ ನಾನು ಒಳಗೆ ಹೋದರೆ, ಅಳಿಯ ಹೊರಗಿನಿಂದ ಷಟರ್ ಎಳೆದು ಬೀಗ ಹಾಕಿ ಮಂಡಿಗೆ ಹೋಗುತ್ತಿದ್ದ. ಮತ್ತೆ ಬೀಗ ತೆಗೆಯುವುದು ಮೂರಕ್ಕೆ. ಕಬ್ಬಿಣದ ತೂಕಗಳನ್ನು ಯಾರಾದರೂ ಹೊತ್ತುಕೊಂಡು ಹೋದಾರು ಅನ್ನುವುದು ಹೇಳುವ ಕಾರಣ. ಇನ್ನೊಂದು ಕಾರಣ ವಸ್ತಾದರು. ಅವರು ಒಂದು ಸಲ ಎದುರಿನ ಟೀ ಅಂಗಡಿಯಲ್ಲಿ ಕೂತು, "ಒಳಗ ಇರೋರೆಲ್ಲ ಉಬ್ಬಿದ ಪೂರಿಗಳು ಕಣ್ರಲಾ, ಬೆರಳಿಟ್ರ ಗಾಳಿ ಓಯ್ತದ" ಅಂದಿದ್ದರಂತೆ. ಆ ತಿಂಗಳು ಕೆಲವು ಹುಡುಗರು ಜಿಮ್ಮು ಬಿಟ್ಟರು. ಬ್ಯಾಚು ನಡೆಯುವಾಗ ಅವರು ಕೋಣೆಯಿಂದ ಆಚೆ ಬರುವ ಹಾಗಿಲ್ಲ ಅಂತಾಯಿತು. ಬ್ಯಾಚು ಇಲ್ಲದಾಗ ಷಟರಿಗೆ ಬೀಗ. ಅಷ್ಟಾದ ಮೇಲೆ ಮನುಷ್ಯನಿಗೆ ಉಳಿದದ್ದೇನು?

ಒಳಗೆ ಟ್ಯೂಬ್‌ಲೈಟಿನ ಬೆಳಕು. ಹೊರಗೆ ಬಿಸಿಲೋ ಮೋಡವೋ ಗೊತ್ತಾಗುತ್ತಿರಲಿಲ್ಲ. ಯಾವ ಕಡೆ ತಿರುಗಿದರೂ ಕನ್ನಡಿಯಲ್ಲಿ ನಾನೇ, ಕೈಯಲ್ಲಿ ಬ್ರಷ್ಷು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಅದು ಓಡುವಾಗ ಷಟರನ್ನು ಬಡಿದರೂ ಯಾರಿಗೂ ಕೇಳಿಸುವುದಿಲ್ಲ. ನಾನು ಬಡಿದು ನೋಡಿಯೇ ಹೇಳುತ್ತಿದ್ದೇನೆ.

ಮೊದಲ ದಿನವೇ ವಸ್ತಾದರು ಕೋಣೆಯ ಹೊಸ್ತಿಲಲ್ಲಿ ನಿಂತು ನನ್ನನ್ನು ತಡೆದರು.

"ಮಟ್ಟಿ ಮೇಲ ಎಂಗಸ್ರು ಕಾಲಿಡಂಗಿಲ್ಲ ಕಣವ್ವ."

"ಇಲ್ಲಿ ಮಟ್ಟಿ ಎಲ್ಲದ ವಸ್ತಾದ್ರೆ? ಇದು ಪ್ಲಾಸ್ಟಿಕ್ಕು."

"ಕೆಳಗದ. ಮೇಲ ಗೋಣಿ ಒದಿಸವ್ನ, ಅಷ್ಟೇಯ."

"ಕಾಲಿಡ್ದೆ ತೊಳೆಯಕ್ಕ ನಾನೇನು ಹದ್ದಾ? ನೀವೇ ತೊಳ್ಕಳಿ. ಸಂಬಳ ಮಾತ್ರ ನನಗ ಕೊಡಿಸ್ಬುಡಿ."

ಅವರು ಬಹಳ ಹೊತ್ತು ನನ್ನ ಕಾಲನ್ನೇ ನೋಡಿದರು. ಆಮೇಲೆ, "ಕಾಲು ತೊಳ್ಕಂಡು ಓಗು" ಅಂದರು. ಅಲ್ಲಿಗೆ ಆ ಜಗಳ ಮುಗಿಯಿತು. ದಿನಾ ಕಾಲು ತೊಳೆದುಕೊಂಡೇ ಹುಲ್ಲು ತುಳಿದೆ. ಶೂ ಹಾಕಿಕೊಂಡು ಕುಣಿಯುವ ಹುಡುಗರಿಗೆ ಇಲ್ಲದ ಮಡಿ ನನಗೆ.

ಆ ಹುಲ್ಲಿನ ಕೆಲಸ ನೆಲ ಒರೆಸಿದ ಹಾಗಲ್ಲ. ಬೆವರು, ಕೂದಲು, ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ, ಉಗಿದ ಚೂಯಿಂಗ್ ಗಮ್ಮು, ಎಲ್ಲ ಎಳೆಗಳ ಬುಡಕ್ಕೆ ಇಳಿದು ಕೂತಿರುತ್ತದೆ. ಕಡ್ಡಿ ಪೊರಕೆ ಹಾಕಿದರೆ ಎಳೆ ಕಿತ್ತು ಬರುತ್ತದೆ. ಎಮ್ಮೆ ಮೈಯ ಕೂದಲಿನ ಹಾಗೆ ಹುಲ್ಲಿಗೂ ಒಂದು ಕಡೆಗೆ ಮಲಗುವ ಬುದ್ಧಿ. ಅದಕ್ಕೆ ಎದುರಾಗಿ ಬ್ರಷ್ಷು ತಳ್ಳಿ ಎಬ್ಬಿಸಬೇಕು, ಆಮೇಲೆ ಸೋಪಿನ ನೀರು, ಆಮೇಲೆ ಬರಿ ನೀರು, ಆಮೇಲೆ ಬಟ್ಟೆಯಲ್ಲಿ ಒತ್ತಿ ಹಿಂಡಬೇಕು. ವಾರ ಕಳೆಯುವುದರೊಳಗೆ ನನ್ನ ಬೆನ್ನು ಹಿಡಿದುಕೊಂಡಿತು. ಎದ್ದರೆ ಕೂರಲಾರೆ, ಕೂತರೆ ಏಳಲಾರೆ.

ವಸ್ತಾದರು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದರು. ಒಂದು ದಿನ ಅಂದರು, "ಕೈಲಿ ಉಜ್ಜಬ್ಯಾಡ ಕಣವ್ವ. ಕೈಯಲ್ಲಿ ಏನದ, ಮೂಳ. ಸೊಂಟದಿಂದ ತಳ್ಳು. ಉಸ್ರು ಬುಡ್ತಾ ತಳ್ಳು, ಉಸ್ರು ಎಳಕತಾ ವಾಪಸ್ ಬಾ."

"ನಾನೇನು ಕುಸ್ತಿ ಆಡಕ್ಕ ಬಂದಿವ್ನಾ?"

"ಮತ್ತ ಇನ್ನೇನು ಆಡ್ತಾ ಇದ್ದೀಯ?"

ಅವರು ಹೇಳಿದ ಹಾಗೆ ಮಾಡಿ ನೋಡಿದೆ. ಕೆಲವು ದಿನಕ್ಕೆ ನೋವು ಇಳಿಯಿತು. ನೆಲದಿಂದ ಏಳುವಾಗ ಕೈ ಊರದೆ ಹೇಗೆ ಏಳಬೇಕು ಅನ್ನುವುದನ್ನೂ ತೋರಿಸಿದರು. ಇವತ್ತು ನನ್ನ ಮಗಳು ಕುರ್ಚಿ ಹಿಡಿದುಕೊಂಡು ಏಳುತ್ತಾಳೆ. ನಾನು ಏನನ್ನೂ ಹಿಡಿಯುವುದಿಲ್ಲ.

ಅವರದು ಇನ್ನೊಂದು ಚಾಳಿ ಇತ್ತು. ಎಂದೂ ಅಂಗಾತ ಮಲಗುತ್ತಿರಲಿಲ್ಲ. ಮಧ್ಯಾಹ್ನ ತೂಕಡಿಕೆ ಬಂದರೆ ಮಗ್ಗುಲಾಗುತ್ತಿದ್ದರು. "ಬೆನ್ನು ನೆಲ ಮುಟ್ತು ಅಂದ್ರ ಸೋತಂಗೆ" ಅನ್ನುತ್ತಿದ್ದರು. ಇಲ್ಲಿ ನಿಮ್ಮನ್ನು ಸೋಲಿಸುವುದಕ್ಕೆ ಯಾರಿದ್ದಾರೆ ಅಂತ ಕೇಳಿದರೆ ಷಟರಿನ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ನಾನು ಒಳಗೆ ಹೋಗುವ ಹೊತ್ತಿಗೆ ಅವರ ಹಳೆಯ ಶಿಷ್ಯನೊಬ್ಬ ಬಂದು ನಿಂತಿದ್ದ. ಪುಣಜನೂರಿನವನು, ಕಾಡಿನಲ್ಲಿ ವಾಚರ್ ಕೆಲಸ. ಊರಿನಲ್ಲಿ ಹುಣಸೆ ಮರದ ಪಕ್ಕ ಚಿಕ್ಕ ಮಟ್ಟಿ ಮಾಡಿದ್ದೇನೆ, ಹುಡುಗರು ಬರುತ್ತಿದ್ದಾರೆ, ವಸ್ತಾದರು ಬಂದು ಸುಮ್ಮನೆ ಕೂತರೂ ಸಾಕು, ನನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಅಂದ. ಒಳಗೆ ವಸ್ತಾದರು ಎದ್ದು ನಿಂತರು. ಮುಖ ಹೊಳೆಯಿತು. ಅಳಿಯ ಮಾತ್ರ ಒಪ್ಪಲಿಲ್ಲ.

"ಜನ ಏನಂದಾರು? ಗರಡಿ ಕಿತ್ಕಂಡು ಮಾವನ್ನ ಕಾಡಿಗಟ್ಟಿದ ಅಂತಾರ. ಇಲ್ಲಿ ಅವರಿಗೇನು ಕಮ್ಮಿ ಆಗದ?"

ಸುಳ್ಳಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಔಷಧಿ ಬರುತ್ತಿತ್ತು. ಅಳಿಯ ಕೆಟ್ಟವನಲ್ಲ. ಮರ್ಯಾದೆಗೆ ಹೆದರುವವನು, ಅಷ್ಟೆ. ಅಂಥವರ ಕೈಗೆ ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಬೈಯಲೂ ಆಗುವುದಿಲ್ಲ.

ಶಿಷ್ಯ ಹೊರಟುಹೋದ. ಷಟರ್ ಇಳಿಯಿತು. ವಸ್ತಾದರು ಆ ದಿನ ಊಟ ಮುಟ್ಟಲಿಲ್ಲ. ನಾನೂ ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳಿದರೆ ಬೀಗ ಬಿಟ್ಟುಕೊಳ್ಳುವುದಿಲ್ಲ.

ಅದಾಗಿ ಬಂದ ಶನಿವಾರ ಅವರು ಒಂದು ಎಡವಟ್ಟು ಮಾಡಿದರು. ಗರಡಿ ಇದ್ದಾಗ ಆವಾಗಾವಾಗ ಮಟ್ಟಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಮಣ್ಣು ಹದ ಮಾಡುತ್ತಿದ್ದರಂತೆ. ಅದು ನೆನಪಾಯಿತೋ, ಇಲ್ಲ ಹೊಟ್ಟೆಯ ಉರಿಯೋ, ನಾನು ಹೋಗುವಷ್ಟರಲ್ಲಿ ಊಟದ ಮಜ್ಜಿಗೆ, ಮೈಗೆ ಹಚ್ಚುವ ಎಣ್ಣೆ, ಒಂದು ಪೊಟ್ಟಣ ಅರಿಸಿನ ಎಲ್ಲವನ್ನೂ ಪ್ಲಾಸ್ಟಿಕ್ ಹುಲ್ಲಿಗೆ ಸುರಿದು, ಅಂಗೈಯಲ್ಲಿ ತಟ್ಟುತ್ತಾ ಕೂತಿದ್ದರು.

"ಇದು ಕುಡಿಯಕ್ಕಿಲ್ಲ ವಸ್ತಾದ್ರೆ" ಅಂದೆ.

"ಕೆಳಗಿಂದು ಕುಡೀತದ."

ಸೀಗೆಪುಡಿ ಹಾಕಿ ಉಜ್ಜಿದೆ. ಅರಿಸಿನದ ಕಲೆ ಹೋಗಲಿಲ್ಲ. ಮಜ್ಜಿಗೆ ಹುಳಿತು ನಾತ ಹೊಡೆಯತೊಡಗಿತು. ಸಂಜೆ ಬ್ಯಾಚಿನ ಹುಡುಗರು ಮೂಗು ಮುಚ್ಚಿಕೊಂಡರು. ಮಾರನೆಯ ದಿನ ಅಳಿಯ ನನ್ನ ಮೇಲೆ ರೇಗಿದ. ಆಮೇಲೆ ವಾಸನೆ ಹೋಗಲಿ ಅಂತ ಷಟರನ್ನು ಒಂಚೂರು ಎತ್ತಿ, ಗಿರಣಿಯವನಿಗೆ ನೋಡಿಕೊಳ್ಳಲು ಹೇಳಿ ಮಂಡಿಗೆ ಹೋದ.

ನೆಲದಿಂದ ಮೊಣಕಾಲೆತ್ತರ ಬಿಸಿಲು ಒಳಗೆ ಬಂತು. ನಾನೂ ವಸ್ತಾದರೂ ಅದನ್ನೇ ನೋಡುತ್ತಾ ನಿಂತೆವು. ಆಮೇಲೆ ವಸ್ತಾದರು, "ನಾಳಿಂದ ನೀರು ವಸಿ ಜಾಸ್ತಿ ಆದ್ರೂ ಪರ್ವಾಗಿಲ್ಲ ಕಣವ್ವ" ಅಂದರು.

ವಾಸನೆ ಕಮ್ಮಿಯಾಗುತ್ತಲೇ ಷಟರಿಗೆ ಮತ್ತೆ ಬೀಗ ಬಿತ್ತು. ನಾನು ನೀರು ಜಾಸ್ತಿಯೇ ಸುರಿದೆ. ಒತ್ತಿ ಹಿಂಡುವುದನ್ನು ಬಿಟ್ಟೆ. ಮುಚ್ಚಿದ ಹಾಲಿನಲ್ಲಿ ಒದ್ದೆ ಹುಲ್ಲು ಎರಡೇ ದಿನಕ್ಕೆ ಮುಗ್ಗಿತು. ಅಳಿಯ ಫಿನಾಯಿಲ್ ತಂದ, ಊದುಬತ್ತಿ ಹಚ್ಚಿದ, ಸೆಂಟು ಹೊಡೆದ. ಮುಗ್ಗಿನ ಮೇಲೆ ಮಲ್ಲಿಗೆ ಸೇರಿ ನಾತ ಇನ್ನೂ ಜಾಸ್ತಿಯಾಯಿತು.

"ಏನ್ ಮಾಡಾದು ಅಕ್ಕ?" ಅಂದ.

"ನೋಡಪ್ಪ, ತೊಳೆದ ಬಟ್ಟೇನ ಪೆಟ್ಟಿಗೇಲಿಟ್ಟು ಮುಚ್ಚಾಕಾರಾ? ಗಾಳಿ ಬೇಕು. ಷಟರ್ ಪೂರಾ ತೆಗಿ, ಒಣಗ್ತದ. ಇಲ್ದೋದ್ರೆ ಬ್ಯಾರೆಯವರ್ನ ನೋಡ್ಕೊ. ಮಂಕರಿ ಕೆಳಗ ಕೋಳಿ ಕವುಚಿದಂಗ ಇನ್ನ ನಾನಿರಕ್ಕಿಲ್ಲ."

ಆ ಮಾತು ಹೇಳುವಾಗ ನನಗೆ ಹೆದರಿಕೆ ಇದ್ದದ್ದು ನಿಜ. ಕೆಲಸ ಹೋದರೆ ಮನೆಯಲ್ಲಿ ಒಲೆ ಹೊತ್ತಬೇಕಲ್ಲ. ಆದರೆ ಅಳಿಯ ತೆಗೆದ. ನಾನು ಇರುವಷ್ಟು ಹೊತ್ತು ಷಟರ್ ಪೂರಾ ಮೇಲೆ.

ಇಷ್ಟೆಲ್ಲ ಆದ ಮೇಲೆ ಮೊದಲ ದಿನ ವಸ್ತಾದರು ಹೊರಗೆ ಹೋಗಲೇ ಇಲ್ಲ. ಹೊಸ್ತಿಲಲ್ಲೇ ನಿಂತರು. ನಡುವೆ ಹಾಲಿನ ತುಂಬ ಒದ್ದೆ ಹುಲ್ಲು.

"ಓಗಿ" ಅಂದೆ.

"ಒದ್ದೆ ಮಟ್ಟಿ ತುಳೀಬಾರ್ದು ಕಣವ್ವ. ನನ್ನ ವಸ್ತಾದ್ರು ಹೇಳ್ಕೊಟ್ಟವ್ರೆ. ಕುಳಿ ಬೀಳ್ತದ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಾಗಿಲು ತೆಗೆಸಲು ನಾನು ಕೆಲಸ ಪಣಕ್ಕಿಟ್ಟಿದ್ದೇನೆ, ಇವರು ಪ್ಲಾಸ್ಟಿಕ್ಕಿನಲ್ಲಿ ಕುಳಿ ಬೀಳುತ್ತದೆ ಅನ್ನುತ್ತಾರೆ. ಬಾಯಿಗೆ ಬಂದದ್ದು ಅಂದೆ. ಅವರು ಮುದುರಿದ ಕಿವಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋಗಿ ಕೂತರು. ಬೀಗ ಇದ್ದದ್ದು ಷಟರಿಗೆ ಮಾತ್ರ ಅಲ್ಲ.

ಮಾರನೆಯ ದಿನ ಗೋಡೆ ಬದಿಗೆ, ಅವರ ಕೋಣೆಯಿಂದ ಷಟರಿನವರೆಗೆ, ಒಂದು ಆಳು ನಡೆಯುವಷ್ಟು ಅಗಲ ನೀರು ಹಾಕದೆ ಬಿಟ್ಟೆ. ಅವರು ಬಂದು ನೋಡಿದರು. ಬಗ್ಗಿ ಬೆರಳಲ್ಲಿ ಮುಟ್ಟಿ ಒಣಗಿದೆಯೇ ಅಂತ ಪರೀಕ್ಷೆ ಮಾಡಿದರು. ಆಮೇಲೆ ಒಂದು ಕೈ ಕನ್ನಡಿಗೆ ಕೊಟ್ಟು, ಅದೇ ಪಟ್ಟಿಯ ಮೇಲೆ ನಡೆದು ಬೀದಿಗೆ ಇಳಿದರು. ಎದುರಿನ ಟೀ ಅಂಗಡಿಯ ಭಾಯಿ ಬೆಂಚಿನ ಮೇಲಿದ್ದವರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ. ಮೂರರೊಳಗೆ ವಾಪಸ್ಸು ಬಂದು ಕೋಣೆ ಸೇರಿಕೊಂಡರು. ಕನ್ನಡಿಯ ಮೇಲೆ ಉಳಿದಿದ್ದ ಬೆರಳ ಗುರುತನ್ನು ನಾನು ಒರೆಸಿಬಿಟ್ಟೆ.

ಹೀಗೇ ಸ್ವಲ್ಪ ದಿನ ನಡೆಯಿತು. ಒಂದು ದಿನ ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಂದರು. ಒಂದು ಪಂಚೆ, ಲಂಗೋಟಿ, ವಿಭೂತಿ ಗಟ್ಟಿ, ಅಷ್ಟೇ ಇದ್ದದ್ದು. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸು ಎಷ್ಟೊತ್ತಿಗೆ ಅಂತ ಭಾಯಿ ಕೇಳಿಟ್ಟಿದ್ದನಂತೆ. ಅಲ್ಲಿಂದ ಪುಣಜನೂರಿಗೆ ಬೇರೆ ಬಸ್ಸು. ವಸ್ತಾದರು ಬಗ್ಗಿ ಹುಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒದ್ದೆ ಕೈ ಕನ್ನಡಕಕ್ಕೆ ತಾಗಿ ಕಣ್ಣು ಕಾಣದೆ ನಿಂತರು. ನಾನೇ ಸೆರಗಿನಲ್ಲಿ ಒರೆಸಿಕೊಟ್ಟೆ.

"ಬತ್ತಿನಿ ಕಣವ್ವ."

"ಬತ್ತಿನಿ ಅಂದ್ರ ಬರ್ಬೇಕಾಯ್ತದ. ಓಯ್ತಿನಿ ಅನ್ನಿ."

ಯಾರೂ ಹಾಗೆ ಅನ್ನಬಾರದು. ಅವರು ನಕ್ಕರು. "ಓಯ್ತಿನಿ" ಅಂದು ಹೋದರು.

ಮೂರಕ್ಕೆ ಅಳಿಯ ಬಂದು ಕೋಣೆ ನೋಡಿದ. "ಮಾವ ಎಲ್ಲಕ್ಕ?"

"ನನ್ನ ಮಡಗಿರದು ಹುಲ್ಲು ತೊಳೆಯಕ್ಕ. ಮಾವನ ಕಾಯಕ್ಕಲ್ಲ."

ಕಾರು ಮಾಡಿಕೊಂಡು ಪುಣಜನೂರಿಗೆ ಓಡಿದ. ಒಬ್ಬನೇ ವಾಪಸ್ಸು ಬಂದ. ಹುಡುಗರ ಮುಂದೆ ಕೂತಿದ್ದರು, ಕರೆದರೆ ತಿರುಗಿಯೂ ನೋಡಲಿಲ್ಲ ಅಂದ. ಜನ ಏನೂ ಅನ್ನಲಿಲ್ಲ. ಜನಕ್ಕೆ ಅವರವರ ಕೆಲಸವಿರುತ್ತದೆ.

ಒಂದು ಮಳೆಗಾಲ ಕಳೆಯಿತು. ನಾನು ಆ ಪಟ್ಟಿಗೆ ನೀರು ಹಾಕುತ್ತಿರಲಿಲ್ಲ. ಕೈ ಆ ಕಡೆಗೆ ಹೋಗುತ್ತಿರಲಿಲ್ಲ. ಅಳಿಯ ಎರಡು ಮೂರು ಸಲ, "ಅಲ್ಲೊಂದು ಕೊಳೆ ಅಂಗೇ ಅದಲ್ಲಕ್ಕ" ಅಂದ. ತೊಳೀತೀನಿ ಅಂದೆ, ತೊಳೆಯಲಿಲ್ಲ.

ಒಂದು ದಿನ ಅವನು ತಲೆಗೆ ನೀರು ಹಾಕಿಕೊಂಡು ಬಂದ. ಹಿಂದಿನ ದಿನವೆಲ್ಲ ಪುಣಜನೂರಿನಲ್ಲಿದ್ದನಂತೆ. ಬೆಳಿಗ್ಗೆ ಮಟ್ಟಿಯ ಪಕ್ಕ ಹುಡುಗರನ್ನು ನೋಡುತ್ತಾ ಕೂತಿದ್ದ ವಸ್ತಾದರು ಕೂತ ಹಾಗೇ ಹೋದರಂತೆ. ಅವರ ಕುಲದಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ.

"ನೆಟ್ಗೆ ಕೂತಿದ್ರಾ?" ಅಂತ ಕೇಳಿದೆ.

"ನೆಟ್ಗೇ ಕೂತಿದ್ರು ಅಕ್ಕ. ಯಾರೂ ಇಡ್ಕಳೋ ಅಂಗೇ ಇರ್ನಿಲ್ಲ."

ಸರಿ, ಬೆನ್ನು ನೆಲ ಮುಟ್ಟಲಿಲ್ಲ.

ಅವನು ಷಟರ್ ತೆಗೆದಿಟ್ಟು ಹೋದ. ನಾನು ಕಾಲು ತೊಳೆದುಕೊಂಡು ಬಂದು ಆ ದಿನ ಗೋಡೆ ಬದಿಯ ಪಟ್ಟಿಗೂ ನೀರು ಸುರಿದೆ. ಕರಿ ನೀರು ಬಂತು. ಸೊಂಟದಿಂದ ತಳ್ಳಿದೆ, ಉಸಿರು ಬಿಡುತ್ತಾ ತಳ್ಳಿದೆ. ಕೊಳೆಯೆಲ್ಲ ಹೋಯಿತು. ಹುಲ್ಲು ಮಾತ್ರ ಷಟರಿನ ಕಡೆಗೇ ಮಲಗಿತ್ತು, ಎಷ್ಟು ಎದುರು ತಳ್ಳಿದರೂ ಏಳಲಿಲ್ಲ. ಹಾಗೇ ಬಿಟ್ಟೆ.